ಹರಕೆಯಿಲ್ಲದ ಪಾದಯಾತ್ರೆ

ಡಿಗ್ರಿ ಮುಗಿಸಿ ನೌಕರಿಗೆ ಕಾಯುತ್ತಿರುವ ನಮ್ಮಂಥವರ ಬಾಯಲ್ಲಿ ಸದಾ ಒಂದು ಮಾತಿರುತ್ತದೆ: ‘ರಿಸಲ್ಟ್ ಬರಲಿ, ಆಮೇಲೆ ನೋಡೋಣ’. ಊರು ಸುತ್ತುವುದು, ಬೇಕಾದ ಪುಸ್ತಕ ಓದುವುದು, ಗೆಳೆಯನ ಅಕ್ಕನ ಮದುವೆಗೆ ಹೋಗಿ ಎರಡು ದಿನ ಉಳಿಯುವುದು ಎಲ್ಲವೂ ಆಮೇಲೆಯೇ. ಆದರೆ ಅಧಿಸೂಚನೆ ಬಂದು, ಪರೀಕ್ಷೆ ಮುಂದೆ ಹೋಗಿ, ಕೀ ಉತ್ತರಕ್ಕೆ ಆಕ್ಷೇಪಣೆ ಬಿದ್ದು, ಆಯ್ಕೆಪಟ್ಟಿ ಹೊರಬೀಳುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತವೆ. ಹೀಗೆ ತುಂಡು ತುಂಡಾಗಿ ಕೈಗೆ ಸಿಗುವ ಸಮಯದಲ್ಲೂ ಒಂದು ದೊಡ್ಡ ಕೆಲಸ ಮಾಡಬಹುದು ಎಂಬುದು ನನ್ನ ವಾದ. ಅದು ದೂರದ ನಡಿಗೆ. ಅದನ್ನು ಕಂತಿನಲ್ಲಿ ಮಾಡಬಹುದು.

ಯುರೋಪಿನಲ್ಲಿ ಇದು ಹೊಸದೇನಲ್ಲ. ಖಂಡದ ಉದ್ದಕ್ಕೂ ನಡೆಯಬೇಕೆನ್ನುವವರೆಲ್ಲ ಕೆಲಸ ಬಿಟ್ಟು ಹೊರಡುವುದಿಲ್ಲ. ರಜೆಯಲ್ಲಿ ಎರಡು ವಾರ ನಡೆದು ಒಂದೂರಿನಲ್ಲಿ ನಿಲ್ಲಿಸುತ್ತಾರೆ. ಮುಂದಿನ ವರ್ಷ ರೈಲಿನಲ್ಲಿ ಅದೇ ಊರಿಗೆ ಬಂದು, ಬಿಟ್ಟ ಜಾಗದಿಂದ ಮತ್ತೆ ಹೆಜ್ಜೆ ಹಾಕುತ್ತಾರೆ. ಬೆಟ್ಟದಲ್ಲಿ ಹಿಮ ಬಿದ್ದರೆ ಬೇಸಿಗೆಗೆ ಕಾಯುತ್ತಾರೆ. ಅಲ್ಲಿ ‘ಇ-4’ ಎಂಬ ಕಾಲುದಾರಿಯೊಂದೇ 10,000 ಕಿ.ಮೀ.ಗಿಂತ ಉದ್ದ, ಸ್ಪೇನಿನ ಕಡೆಯಿಂದ ಸೈಪ್ರಸ್ ದ್ವೀಪದವರೆಗೆ. ನಾವು ಹೋದರೂ ಕಂತಿನಲ್ಲೇ ನಡೆಯಬೇಕು, ಏಕೆಂದರೆ ಷೆಂಗೆನ್ ದೇಶಗಳ ಪ್ರವಾಸಿ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ 90 ದಿನಕ್ಕಿಂತ ಹೆಚ್ಚು ಇರಲು ಬಿಡುವುದಿಲ್ಲ. (ವಿಮಾನದ ಟಿಕೆಟ್ ದರ ನೋಡಿದ ಮೇಲೆ ವೀಸಾದ ಚಿಂತೆ ತಾನಾಗಿಯೇ ಹೋಗುತ್ತದೆ ಬಿಡಿ.) ಹಣ ಮುಟ್ಟದೆ ಹೋದವರೂ ಇದ್ದಾರೆ. 1962ರಲ್ಲಿ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಅಣ್ವಸ್ತ್ರ ಬೇಡವೆಂದು ಹೇಳಲು ದೆಹಲಿಯಿಂದ ಹೊರಟು ಮಾಸ್ಕೋ, ಪ್ಯಾರಿಸ್, ಲಂಡನ್‌ವರೆಗೆ ಕಾಲ್ನಡಿಗೆಯಲ್ಲೇ ಸಾಗಿದರು.

ಅವರಿಗಿಂತ ಮೊದಲೇ ನಮ್ಮ ಬ್ಯಾಡಗಿ ತಾಲ್ಲೂಕಿನ ಹುಡುಗನೊಬ್ಬ ನಡೆದಿದ್ದ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ಸಾಬರಮತಿಯಿಂದ ದಂಡಿಗೆ ಹೊರಟ ತಂಡದಲ್ಲಿದ್ದ ಕನ್ನಡಿಗ. ಆಗ ಅವರಿಗೆ 18 ವರ್ಷ. ಸುಮಾರು 385 ಕಿ.ಮೀ. ದಾರಿಯನ್ನು ಆ ತಂಡ ದಿನಕ್ಕಿಷ್ಟೆಂದು ನಡೆದು, ಹಳ್ಳಿಗಳಲ್ಲಿ ತಂಗಿ, ಜನರೊಂದಿಗೆ ಮಾತಾಡುತ್ತ ಮುಗಿಸಿತು. 1943ರಲ್ಲಿ ಅವರು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹಾವೇರಿ ರೈಲು ನಿಲ್ದಾಣಕ್ಕೆ ಅವರದೇ ಹೆಸರಿದೆ. ನಾವಂತೂ ಅವರನ್ನು ಒಂದು ಅಂಕದ ಪ್ರಶ್ನೆಯ ಉತ್ತರವಾಗಿಯೇ ಬಲ್ಲೆವು.

ನಾವು ನಾಲ್ವರು ಹೊರಟದ್ದು ಹಾವೇರಿಯಿಂದ, ಒಂದು ದೀಪಾವಳಿ ಮುಗಿದ ಮೇಲೆ. ಮೊದಲ ಕಂತು ಮೋಟೆಬೆನ್ನೂರು ದಾಟಿ ಬ್ಯಾಡಗಿಗೆ. ಎರಡನೆಯದು ಫೆಬ್ರುವರಿಯಲ್ಲಿ, ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಡೆಗೆ. ಮಳೆ ಶುರುವಾದ ಮೇಲೆ ರಾಣೆಬೆನ್ನೂರಿನಿಂದ ತುಂಗಭದ್ರೆಯ ದಂಡೆಗೆ, ಅಂಬಿಗರ ಚೌಡಯ್ಯನ ಚೌಡಯ್ಯದಾನಪುರದವರೆಗೆ. ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಎರಡೆರಡು ಕಿಲೋ ತೂಗುತ್ತಿತ್ತು. ಹೆದ್ದಾರಿಯ ಪಕ್ಕ ನಡೆಯುವುದು ಪ್ರಾಣಕ್ಕೂ ಕುತ್ತು, ಮನಸ್ಸಿಗೂ ಬೇಸರ. ಹಾಗಾಗಿ ಹಳ್ಳಿ ರಸ್ತೆಯನ್ನೇ ಹಿಡಿದೆವು. ನಮ್ಮಲ್ಲೊಬ್ಬ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸಂಜೆ ಎಲ್ಲಿ ಬಸ್ ಹತ್ತುತ್ತೇವೋ ಅಲ್ಲಿನ ಕರೆಂಟ್ ಕಂಬದ ನಂಬರ್ ಬರೆದಿಟ್ಟು, ಮುಂದಿನ ಸಲ ಅದೇ ಕಂಬ ಮುಟ್ಟಿಯೇ ಹೊರಡಬೇಕು ಎನ್ನುತ್ತಾನೆ. ತಿಂಗಳುಗಟ್ಟಲೆ ಬಿಟ್ಟರೂ ಕಂಬ ಅಲ್ಲೇ ಇರುತ್ತದೆ. ವಯೋಮಿತಿಯ ಲೆಕ್ಕದಲ್ಲಿ ಬದುಕುವ ನಮಗೆ ಅದೊಂದು ಸಮಾಧಾನ.

ದಾರಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಕಟ್ಟೆ ಮೇಲೆ ಕೂತಿದ್ದ ಅಜ್ಜ ಕೇಳಿದರು: ‘ಯಾವ ದೇವ್ರಿಗಿ ಹೊಂಟೀರಿ ತಮ್ಮಾ? ಮೈಲಾರಕ್ಕೋ, ದೇವರಗುಡ್ಡಕ್ಕೋ?’ ‘ಯಾವ ದೇವ್ರಿಗೂ ಇಲ್ರಿ ಅಜ್ಜಾರ, ಸುಮ್ನ ನಡೀತೀವ್ರಿ’ ಎಂದೆವು. ಅವರು ನಮ್ಮನ್ನು ಮೇಲೆ ಕೆಳಗೆ ನೋಡಿ, ‘ಹಂಗಾರ ನೌಕರಿ ಇಲ್ಲ ಅಂತ ಆತು’ ಎಂದರು. ನಮ್ಮ ಕಡೆ ನಡೆಯುವವರಿಗೆ ಬರವಿಲ್ಲ. ಶ್ರೀಶೈಲಕ್ಕೆ, ಉಳವಿಗೆ ನಡೆದು ಹೋಗುವವರಿಗೆ ಊರೂರಲ್ಲಿ ನೀರು, ಊಟ, ಮಲಗಲು ಗುಡಿಯ ಕಟ್ಟೆ ಸಿಗುತ್ತವೆ. ಆದರೆ ಹರಕೆಯಿಲ್ಲದೆ ನಡೆಯುವ ಹುಡುಗ ಅಡ್ಡಾಡಿಯಾಗುತ್ತಾನೆ. ಈ ಭೇದ ಹೋಗಬೇಕು.

ಹೀಗೆ ನಡೆದಾಗ ಕಂಡದ್ದು ಯಾವ ಜಿ.ಕೆ. ಪುಸ್ತಕದಲ್ಲೂ ಇಲ್ಲ. ಬ್ಯಾಡಗಿ ಎಂದರೆ ಮೆಣಸಿನಕಾಯಿ, 2011ರಲ್ಲಿ ಜಿಐ ಮಾನ್ಯತೆ ಎಂದು ಬರೆದು ಅಂಕ ಪಡೆದವರು ನಾವು. ನಡೆದ ದಾರಿಯುದ್ದಕ್ಕೂ ಹೊಲದಲ್ಲಿ ಕಂಡದ್ದು ಬಹುಪಾಲು ಗೋವಿನಜೋಳ. ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಬರುತ್ತವಲ್ಲ, ಅವುಗಳಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದಿಂದ ಬಂದವೇ ಬಹಳ. ಘಾಟಿಗೆ ಸೀನುತ್ತ ನಿಂತಾಗ ಹಮಾಲರೊಬ್ಬರು ಇದನ್ನು ತಿಳಿಸಿಕೊಟ್ಟರು.

ರಾಣೆಬೆನ್ನೂರು ಇನ್ನೂ ಸ್ವಲ್ಪ ದೂರವಿರುವಾಗ ಒಂದು ಹೊಲದಲ್ಲಿ ಬಿಳಿ ಪರದೆ ಕಟ್ಟಿದ್ದರು. ಒಳಗೆ ಹೆಣ್ಣುಮಕ್ಕಳು ಟೊಮೆಟೊ ಗಿಡಗಳ ನಡುವೆ ಬಗ್ಗಿ ಕೆಲಸ ಮಾಡುತ್ತಿದ್ದರು. ಬೀಜ ಕಂಪನಿಗಳಿಗೆ ಹೈಬ್ರಿಡ್ ಬೀಜ ತೆಗೆಯುವ ‘ಕ್ರಾಸಿಂಗ್’ ಕೆಲಸ. ಮೊಗ್ಗು ಅರಳುವ ಮುನ್ನ ಗಂಡು ಭಾಗವನ್ನು ಚಿಮಟದಿಂದ ಕಿತ್ತು, ಮರುದಿನ ಬೇರೆ ತಳಿಯ ಪರಾಗವನ್ನು ಶಲಾಕೆಗೆ ಮುಟ್ಟಿಸಬೇಕು. ಇದನ್ನು ನಮಗೆ ಪಾಠದಂತೆ ವಿವರಿಸಿದ ಹುಡುಗಿ ಬಿ.ಎಸ್ಸಿ. ಮುಗಿಸಿದವಳು. ನಾವು ಬರೆಯುವ ಪರೀಕ್ಷೆಗೇ ಅವಳೂ ಅರ್ಜಿ ಹಾಕಿದ್ದಳು. ಪರೀಕ್ಷೆ ಫೀ ಕಟ್ಟಿದ್ದು ಇದೇ ಕೂಲಿಯಿಂದ. ನಮ್ಮ ನಡಿಗೆಯ ಕಥೆ ಕೇಳಿ, ‘ನಿಮಗ ಮನ್ಯಾಗ ಬಿಡ್ತಾರಲ್ರಿ’ ಎಂದಳು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಲೆಕ್ಕ ಹೇಳಿದಂತಿತ್ತು. ನಾವು ನಾಲ್ವರೂ ಗಂಡುಹುಡುಗರೇ ಎಂಬುದನ್ನು ಅಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಅದಕ್ಕೇ ಕಾಲೇಜುಗಳಿಗೆ ಒಂದು ಮಾತು. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಏಳು ದಿನದ ಶಿಬಿರವೂ ಇರುತ್ತದೆ. ಅದರಲ್ಲಿ ತಿಂಗಳಿಗೊಂದು ಭಾನುವಾರವನ್ನು ಜಿಲ್ಲೆಯೊಳಗಿನ ನಡಿಗೆಗೆ ಇಡಿ. ಬೆಳಿಗ್ಗೆ ಒಂದು ಬಸ್ ನಿಲ್ದಾಣದಿಂದ ಹೊರಟು, ಹೊತ್ತು ಮುಳುಗುವ ಮೊದಲು ಇನ್ನೊಂದು ಬಸ್ ನಿಲ್ದಾಣ ಮುಟ್ಟುವಂತಿರಲಿ. ಜೊತೆಗೊಬ್ಬ ಮೇಡಂ ಇರಲಿ. ಕಾಲೇಜಿನ ಹೆಸರಿದ್ದರೆ ಅಪ್ಪ-ಅವ್ವ ಮಗಳನ್ನು ಕಳಿಸುತ್ತಾರೆ. ಸರ್ಕಾರಿ ಬಸ್ಸೂ ಅವಳಿಗೆ ಉಚಿತ. ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚೆಂದರೆ ಚಹಾ, ಮಂಡಕ್ಕಿ, ಮಿರ್ಚಿಗಷ್ಟೇ. ಡಿಗ್ರಿ ಮುಗಿದ ನಮ್ಮಂಥವರನ್ನೂ ಜೊತೆಗೆ ಸೇರಿಸಿಕೊಂಡರೆ ದಾರಿ ತೋರಿಸುವ ಕೆಲಸ ನಾವು ಮಾಡುತ್ತೇವೆ.

ನಮ್ಮ ಮುಂದಿನ ಕಂತು ಚೌಡಯ್ಯದಾನಪುರದಿಂದ ಹೊಳೆಯ ಗುಂಟ ಗಳಗನಾಥಕ್ಕೆ, ವರದೆ ತುಂಗಭದ್ರೆಯನ್ನು ಸೇರುವಲ್ಲಿಗೆ. ಈ ಸಲ ಗೆಳೆಯನ ತಂಗಿ ಮತ್ತು ಅವಳ ಇಬ್ಬರು ಗೆಳತಿಯರು ಬರುತ್ತೇವೆಂದಿದ್ದಾರೆ. ಒಬ್ಬಳ ಅವ್ವ ಫೋನ್ ಮಾಡಿದ್ದರು. ಯಾಕೆ ನಡೆಯುತ್ತೀರಿ ಎಂದು ಕೇಳಲಿಲ್ಲ. ‘ವಾಪಸ್ ಬರ್ಲಿಕ್ಕೆ ಸಂಜೀ ಬಸ್ ಎಷ್ಟಕ್ಕೈತಿ?’ ಎಂದಷ್ಟೇ ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.