ಕಪ್ಪು ಹುಲಿಯ ಚೆಲುವು



ಒಡಿಶಾದ ಸಿಮಿಲಿಪಾಲ್ ಕಾಡಿನ ಕಪ್ಪು ಹುಲಿಯ ಚಿತ್ರವನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಅದರ ಪಟ್ಟೆಗಳು ಶಾಯಿ ಚೆಲ್ಲಿದಂತೆ ಅಗಲವಾಗಿ ಹರಡಿ ಮೈಯೆಲ್ಲ ಕಪ್ಪಾಗಿ ಕಾಣುತ್ತದೆ. ನನ್ನ ತರಗತಿಯ ಹುಡುಗಿಯೊಬ್ಬಳು ಆ ಚಿತ್ರವನ್ನು ಕತ್ತರಿಸಿ ತಂದು, "ಟೀಚರ್, ಎಲ್ಲ ಹುಲಿಗಳೂ ಹೀಗೇ ಇದ್ದರೆ ಎಷ್ಟು ಚಂದ!" ಎಂದಳು.

ಆದರೆ ಆ ಚಂದದ ಹಿಂದೆ ಒಂದು ಸಂಕಟವಿದೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಇದರ ಕಾರಣವನ್ನು 2021ರಲ್ಲಿ ಪ್ರಕಟಿಸಿದರು. ಇಂತಹ ಸಂಶೋಧನೆಗೆ ಹುಲಿಯನ್ನು ಹಿಡಿಯಲೇಬೇಕೆಂದಿಲ್ಲ. ಕಾಡಿನಲ್ಲಿ ಬಿದ್ದ ಹಿಕ್ಕೆ, ಉದುರಿದ ಕೂದಲುಗಳಿಂದಲೇ ಡಿಎನ್‌ಎ ತೆಗೆಯಬಹುದು. ಟ್ಯಾಕ್‌ಪೆಪ್ ಎಂಬ ಒಂದು ಜೀನ್‌ನಲ್ಲಾದ ಬದಲಾವಣೆಯೇ ಈ ಬಣ್ಣಕ್ಕೆ ಕಾರಣವೆಂದು ತಿಳಿಯಿತು. ನಮ್ಮ ಮನೆಬೆಕ್ಕುಗಳ ಪಟ್ಟೆಯ ವಿನ್ಯಾಸದಲ್ಲೂ ಇದೇ ಜೀನ್‌ನ ಕೈವಾಡವಿದೆ.

ತಾಯಿ, ತಂದೆ ಇಬ್ಬರಿಂದಲೂ ಆ ಬದಲಾದ ಜೀನ್ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ಅಧ್ಯಯನದಲ್ಲಿ ಬೇರೆ ಕಾಡುಗಳ ಹುಲಿಗಳಲ್ಲಿ ಈ ಬದಲಾವಣೆ ಸಿಗಲೇ ಇಲ್ಲ. ಆದರೆ ಸಿಮಿಲಿಪಾಲ್‌ನಲ್ಲಿ ಆಗ ಸುಮಾರು 37 ಶೇಕಡಾ ಹುಲಿಗಳು ಕಪ್ಪಾಗಿದ್ದವು! ಏಕೆ? ಅಲ್ಲಿನ ಹುಲಿಗಳು ಕೆಲವೇ ಪೂರ್ವಜರ ಸಂತಾನ. ಹೊರಗಿನ ಹುಲಿ ಬರುವ ದಾರಿ ಮುಚ್ಚಿಹೋಗಿದೆ. ಹತ್ತಿರದ ರಕ್ತಸಂಬಂಧದಲ್ಲೇ ಸಂತತಿ ಬೆಳೆಯುತ್ತಿದೆ. ಬಣ್ಣವೇನೋ ಕಣ್ಣಿಗೆ ಕಾಣುತ್ತದೆ. ಅದು ಬಂದ ದಾರಿಯಲ್ಲೇ ಕಣ್ಣಿಗೆ ಕಾಣದ ರೋಗ, ದೌರ್ಬಲ್ಯಗಳೂ ಬರಬಹುದಲ್ಲವೇ?

ಅದಕ್ಕಾಗಿಯೇ 2024ರಲ್ಲಿ, ದೂರದ ಊರಿನಿಂದ ಸೊಸೆ ತರುವಂತೆ, ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ ಮತ್ತು ಝೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಸಿಮಿಲಿಪಾಲ್‌ಗೆ ತಂದರು. ಹೌದು, ನಮ್ಮ ಮನೆಗಳ ಝೀನತ್‌ಳದ್ದೇ ಹೆಸರು! ಆದರೆ ಆಕೆಗೆ ಹೊಸ ಮನೆ ಹಿಡಿಸಲಿಲ್ಲ. ಡಿಸೆಂಬರ್‌ನಲ್ಲಿ ಜಾರ್ಖಂಡ್ ಹಾದು ಪಶ್ಚಿಮ ಬಂಗಾಳದವರೆಗೆ ನಡೆದೇಬಿಟ್ಟಳು. ಕೊನೆಗೆ ಅರಿವಳಿಕೆ ಮದ್ದು ಕೊಟ್ಟು ಹಿಡಿದು ಮರಳಿ ತರಬೇಕಾಯಿತು. ಪ್ರಯೋಗಾಲಯವು ಕಾಯಿಲೆಯ ಮೂಲವನ್ನು ತೋರಿಸಬಲ್ಲದು. ಆದರೆ ಕಾಡಿನಿಂದ ಕಾಡಿಗೆ ಹುಲಿಯೇ ನಡೆದು ಹೋಗುವಷ್ಟು ಹಸಿರು ದಾರಿಯನ್ನು ಉಳಿಸಬೇಕಾದವರು ನಾವು.

ಇದನ್ನೆಲ್ಲ ಹೇಳಿದಾಗ ಹುಡುಗಿ ಸ್ವಲ್ಪ ಯೋಚಿಸಿ, "ಹಾಗಾದರೆ ಝೀನತ್ ಮರಿ ಹಾಕಿದರೆ ಯಾವ ಬಣ್ಣ ಟೀಚರ್?" ಎಂದು ಕೇಳಿದಳು.

"ತಂದೆ ಕಪ್ಪಾಗಿದ್ದರೂ ತಾಯಿಯಲ್ಲಿ ಆ ಜೀನ್ ಇಲ್ಲದಿದ್ದರೆ ಮರಿಗಳು ಮಾಮೂಲಿ ಬಣ್ಣದವೇ" ಎಂದೆ.

ಅವಳ ಮುಖ ಬಾಡಿತು. ಮರುಕ್ಷಣವೇ ಅರಳಿತು: "ಅಂದರೆ ಅದು ಒಳ್ಳೆಯ ಸುದ್ದಿ!"

ಚಿತ್ರ ನೋಡುವ ನಿಮ್ಮ ಮಕ್ಕಳಿಗೂ ಈ ಕಥೆ ಹೇಳಿ.