ದತ್ತು ಪಡೆದರಷ್ಟೇ ಸಾಲದು

2022ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಪುಣ್ಯಕೋಟಿ ದತ್ತು ಯೋಜನೆ’ಯಡಿ ವರ್ಷಕ್ಕೆ 11,000 ರೂಪಾಯಿ ನೀಡಿ ಗೋಶಾಲೆಯ ರಾಸೊಂದನ್ನು ದತ್ತು ಪಡೆಯಬಹುದಿತ್ತು. ಆದರೆ ದೇವಸಮುದ್ರವೂ ಸೇರಿದ ಮೊಳಕಾಲ್ಮುರು–ಚಳ್ಳಕೆರೆ ಸೀಮೆಗೆ ಹಂಚಿಕೊಂಡು ಸಾಕುವ ಪದ್ಧತಿ ಹೊಸತಲ್ಲ. ಇಲ್ಲಿನ ಮ್ಯಾಸನಾಯಕರ ‘ದೇವರ ಎತ್ತು’ಗಳಿಗೆ ಒಬ್ಬ ಒಡೆಯನಿಲ್ಲ, ಕಿಲಾರಿ ಕಾಯುತ್ತಾನೆ, ಸಮುದಾಯ ಮೇವು ಹೊಂದಿಸುತ್ತದೆ. ಈ ವ್ಯವಸ್ಥೆಗೆ ಆಧಾರ ಬಯಲು ಹುಲ್ಲುಗಾವಲು. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಯಿತು; ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ಗೋಶಾಲೆ ತುರ್ತುಚಿಕಿತ್ಸೆ ಮಾತ್ರ. ಉಳಿದಿರುವ ಕಾವಲನ್ನು ಕಾಯ್ದುಕೊಳ್ಳದೆ ರಾಸುಗಳನ್ನು ದತ್ತು ಪಡೆಯುವುದು, ಮನೆ ಕಿತ್ತುಕೊಂಡು ಛತ್ರದಲ್ಲಿ ಊಟ ಹಾಕಿದಂತೆ.