ಅಕ್ಕಿ ಡಬ್ಬಿಯಲ್ಲಿ ಫೋನು

ಮಳೆ ಹಿಡಿದ ಈ ವಾರ ರಿಪೇರಿ ಅಂಗಡಿಯೊಂದರಲ್ಲಿ ಹುಡುಗನೊಬ್ಬ ಫೋನಿನ ಚಾರ್ಜಿಂಗ್ ಕಿಂಡಿಗೆ ಟಾರ್ಚ್ ಹಿಡಿದು, ಸಣ್ಣ ಚಿಮಟದಿಂದ ಅಕ್ಕಿ ನುಚ್ಚು ಹೆಕ್ಕುತ್ತಿದ್ದ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹುಗಿಯುವ ರೂಢಿ ಮನೆಮನೆಯಲ್ಲೂ ಬೇರೂರಿದೆ. ಒದ್ದೆ ಬಟ್ಟೆಯನ್ನು ಮಾತ್ರ ಯಾರೂ ಅಕ್ಕಿ ಮೂಟೆಗೆ ತುರುಕುವುದಿಲ್ಲ. ತಂತಿಯ ಮೇಲೆ ಹರವಿ ಗಾಳಿಗೆ ಬಿಡುತ್ತಾರೆ. ಫೋನಿಗೂ ಬೇಕಾದದ್ದು ಗಾಳಿಯೇ. ಅಕ್ಕಿಯ ಕಣಗಳು ಫೋನಿಗೆ ಹಾನಿ ಮಾಡಬಹುದು ಎಂದು ಆಪಲ್ ಕಂಪನಿ ತನ್ನ ಗ್ರಾಹಕರಿಗೆ ನೇರವಾಗಿಯೇ ಎಚ್ಚರಿಸಿದೆ. ಅದು ಹೇಳುವ ಕ್ರಮಕ್ಕೆ ಕಾಸು ಖರ್ಚಿಲ್ಲ: ಕೇಬಲ್ ಕಿತ್ತು, ಕಿಂಡಿ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಬೇಕು, ಗಾಳಿಯಾಡುವ ಒಣ ಜಾಗದಲ್ಲಿಟ್ಟು ಕನಿಷ್ಠ 30 ನಿಮಿಷವಾದರೂ ಕಾಯಬೇಕು. ಪೂರ್ತಿ ಒಣಗಲು 24 ಗಂಟೆಯೂ ಹಿಡಿಯಬಹುದು. ಹೇರ್ ಡ್ರೈಯರ್ ಬೇಡ, ಕಿಂಡಿಯೊಳಗೆ ಹತ್ತಿ ಕಡ್ಡಿಯೂ ಬೇಡ. ನೀರಿಗಿಂತ ಹೆಚ್ಚು ಕೆಡಿಸುವುದು ಅವಸರ. ಒದ್ದೆ ಕಿಂಡಿಯಲ್ಲಿ ವಿದ್ಯುತ್ ಹರಿದರೆ ಒಳಗಿನ ಲೋಹದ ಪಿನ್ನುಗಳು ಸವೆದು ಕಿಲುಬು ಹಿಡಿಯುತ್ತವೆ, ಆಮೇಲೆ ಯಾವ ಚಾರ್ಜರ್ ತಂದರೂ ಸಂಪರ್ಕ ಸರಿಯಾಗಿ ಸಿಗುವುದಿಲ್ಲ. ಮಳೆಯಲ್ಲಿ ನೆನೆದು ಬಂದವರು ದಯವಿಟ್ಟು ಒಂದು ರಾತ್ರಿ ಫೋನನ್ನು ಚಾರ್ಜಿಗೆ ಹಾಕದೆ, ಫ್ಯಾನಿನ ಗಾಳಿಗೆ ಬಿಟ್ಟುಬಿಡಿ.